ಹೆದರದ ಉಸಿರು

"ಇವನಿಗೆ ಹೆದರಿಕೆಯೇ ಇಲ್ವಲ್ಲಮ್ಮ!" ಡೈರೆಕ್ಟರು ಪರದೆಯತ್ತ ಕೈಚಾಚಿದರು.

ಎಡಿಟರಮ್ಮ ಕಣ್ಣುಜ್ಜಿಕೊಂಡಳು. ತಿಂಗಳುಗಟ್ಟಲೆ ಇದೇ ಕಿಟಕಿಯಿಲ್ಲದ ಕೋಣೆ, ಪರದೆಯ ಮೇಲೆ ಅದೇ ದೆವ್ವದ ಮನೆ. ದೆವ್ವಕ್ಕೆ ಬೇಸರ ಬಂದಿತ್ತೋ ಇಲ್ಲವೋ, ಅವಳಿಗಂತೂ ಬಂದಿತ್ತು.

ಸಿನಿಮಾದ ಕಥೆ ಇಷ್ಟೇ. ಗಂಡ ಹೆಂಡತಿ ಹೊಸ ಮನೆಗೆ ಬರುತ್ತಾರೆ. ಗಂಡ ಎಲ್ಲವನ್ನೂ ತನ್ನ ಕ್ಯಾಮೆರಾದಲ್ಲಿ ಹಿಡಿಯುತ್ತಾನೆ. ಆಮೇಲೆ ಇಬ್ಬರೂ ಕಾಣೆ. ಯಾರಿಗೋ ಕ್ಯಾಮೆರಾ ಸಿಗುತ್ತದೆ. ಅದರಲ್ಲಿದ್ದದ್ದೇ ಸಿನಿಮಾ. ಗಂಡನ ಮುಖ ಕೊನೆವರೆಗೂ ಕಾಣುವುದಿಲ್ಲ, ಕೇಳುವುದು ಅವನ ಉಸಿರು ಮಾತ್ರ. ಗಾಜಿನಾಚೆಯ ಪುಟ್ಟ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಆ ಉಸಿರು ಕೊಟ್ಟವನು ಸೌಂಡಿನವನು.

"ಮನೆ ಚೆನ್ನಾಗಿದೆ, ಕತ್ತಲೆ ಚೆನ್ನಾಗಿದೆ. ದೆವ್ವ ಒಂದ್ಸಲಾನೂ ಕಾಣಲ್ಲ ನೋಡಿ, ಅದೇ ನಮ್ಮ ಬಂಡವಾಳ," ಎಂದರು ಡೈರೆಕ್ಟರು. "ಆದ್ರೆ ಹೆಂಡತಿ ಮಲಗಿರೋ ಸೀನು? ಹಿಂದೆ ಬಾಗಿಲು ತಾನಾಗೇ ತೆಗೀತಿದೆ, ಇವನು ಜೋಗುಳ ಹಾಡೋಕೆ ಕೂತ ಹಾಗೆ ಉಸಿರಾಡ್ತಾನೆ. ಇವತ್ತೇ ಸರಿಮಾಡಿ. ನಾಳೆ ಕಳಿಸ್ಬೇಕು."

ಅವರು ಹೊರಟುಹೋದರು. ಮೂಲೆಯಲ್ಲಿ ವೈರು ಸುತ್ತುತ್ತಿದ್ದ ಸೌಂಡಿನವನು ತಲೆಯೆತ್ತಲಿಲ್ಲ.

"ಕೇಳಿಸ್ತಾ?" ಎಂದಳು.

"ಕೇಳಿಸ್ತು. ಇಡೀ ಬೀದಿಗೇ ಕೇಳಿಸಿರತ್ತೆ."

"ಓಡೋ ಸೀನಲ್ಲಿ ಪ್ರಾಣ ಹೋಗೋ ಹಾಗೆ ಉಸಿರಾಡಿದ್ದೀರಿ. ಯಾವನಾದ್ರೂ ಕ್ಯಾಮೆರಾ ಹಿಡ್ಕೊಂಡು ಓಡ್ತಾನಾ ಅಂತ ಕೇಳೋದೇ ಮರೆತುಹೋಗತ್ತೆ. ಇಲ್ಲೇನಾಯ್ತು?"

"ಆಯಾಸ ಆಗಿತ್ತು."

"ಆಯಾಸದ ಉಸಿರು ನಂಗೆ ಗೊತ್ತು ಸ್ವಾಮಿ. ದಿನಾ ಬಿಡೋದು ಅದನ್ನೇ."

ಅವನು ನಕ್ಕ. ನಕ್ಕವನು ಅವಳತ್ತ ನೋಡಿದ, ನೋಡಿದವನು ಮತ್ತೆ ವೈರಿನತ್ತ ತಿರುಗಿದ.

"ಪರದೆ ನೋಡ್ತಾ ಉಸಿರಾಡ್ಬೇಕು. ಅವತ್ತು ನಾನು ಪರದೆ ನೋಡ್ಲಿಲ್ಲ."

"ಮತ್ತೇನ್ ನೋಡಿದ್ರಿ?"

"ಗಾಜಿನಿಂದೀಚೆ ನೀವು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ರಿ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಎಲ್ಲಿ ಎಚ್ಚರ ಆಗಿಬಿಡತ್ತೋ ಅಂತ ಮೆಲ್ಲಗೆ ಉಸಿರಾಡ್ದೆ. ಅದು ಸಿನಿಮಾದೊಳಗೆ ಹೋಯ್ತು."

ಅವಳು ಕನ್ನಡಕ ಮೇಲೇರಿಸಿಕೊಂಡಳು. ಆ ಉಸಿರು ತಪ್ಪೆಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ತೆಗೆದುಹಾಕಲು ಕೈ ಬಂದಿರಲಿಲ್ಲ. ದಿನವೂ ಒಮ್ಮೆ ಹಾಕಿ ಕೇಳುತ್ತಿದ್ದಳು, ಏಕೆಂದು ತನ್ನನ್ನೇ ಕೇಳಿಕೊಂಡಿರಲಿಲ್ಲ.

"ನಾಳೆಯಿಂದ ಬೇರೆ ಊರಲ್ಲಿ ಕೆಲಸ ಒಪ್ಕೊಂಡಿದ್ದೀನಿ," ಎಂದ ಅವನು. "ನೀವು ಇರು ಅಂದ್ರೆ ಇರ್ತೀನಿ. ಇಲ್ಲಾಂದ್ರೆ ಈ ವೈರೆಲ್ಲ ಕಟ್ಟಿಟ್ಟು ಹೊರಡ್ತೀನಿ. ಬೇಜಾರೇನಿಲ್ಲ."

ಬೇಜಾರಿಲ್ಲ ಎಂದವನ ಕೈಯಲ್ಲಿ ವೈರು ಗಂಟುಬಿದ್ದಿತ್ತು.

ಅವಳ ಒಂದು ಮದುವೆ ಮುರಿದು ವರ್ಷಗಳಾಗಿದ್ದವು. ಒಬ್ಬರಿಗಾಗಿ ಕಾಯುವುದು, ಮುನಿಯುವುದು, ಸಮಾಧಾನ ಹೇಳುವುದು ಎಲ್ಲವನ್ನೂ ಮತ್ತೆ ಶುರುಮಾಡಲು ಮೈಯಲ್ಲಿ ಕಸುವೆಲ್ಲಿದೆ?

"ಮೊದಲು ಕೆಲಸ. ಒಳಗೆ ಹೋಗಿ. ಟೇಕ್ ಮುಗೀಲಿ, ಆಮೇಲೆ ಹೇಳ್ತೀನಿ."

ಅವನು ಗಾಜಿನಾಚೆ ನಿಂತ. ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಹೆಂಡತಿ ಮಲಗಿದ್ದಳು, ಬಾಗಿಲು ಮೆಲ್ಲಗೆ ತೆರೆಯುತ್ತಿತ್ತು. ಅವನು ಈ ಸಲವೂ ಪರದೆ ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ, ಹೂಂ ಅನ್ನುತ್ತಾಳೋ ಊಹೂಂ ಅನ್ನುತ್ತಾಳೋ ಎಂದು.

ಸ್ಪೀಕರಿನಲ್ಲಿ ಉಸಿರು ಒಮ್ಮೆ ಬಂತು, ತಡವರಿಸಿತು, ಗಂಟಲಲ್ಲಿ ಸಿಕ್ಕಿಕೊಂಡಿತು. ಬಾಗಿಲು ಪೂರ್ತಿ ತೆರೆದಾಗ ಅದು ನಿಂತೇಹೋಯಿತು. ಅಷ್ಟು ದಿನ ಕಂಡು ಬೇಸತ್ತಿದ್ದ ಬಾಗಿಲನ್ನು ನೋಡಿಯೇ ಎಡಿಟರಮ್ಮನ ಮೈ ಜುಮ್ಮೆಂದಿತು.

ಮೈಕಿನ ಗುಂಡಿ ಒತ್ತಿದಳು. "ಓಕೆ. ಇದು ಹೆದರಿಕೆ."

"ಟೇಕ್ ಮುಗೀತಲ್ಲ," ಎಂದ. "ಹೇಳಿ."

ಇಂಥ ಮಾತನ್ನು ಗಾಜಿನ ಈಚೆಯಿಂದ ಆಡುವುದಲ್ಲ ಅನ್ನಿಸಿತು ಅವಳಿಗೆ. ಎದ್ದು, ದಪ್ಪ ಬಾಗಿಲನ್ನು ಭುಜ ಕೊಟ್ಟು ತಳ್ಳಿ ಒಳಗೆ ಹೋದಳು.

"ನಂಗೆ ತುಂಬ ಸುಸ್ತಾಗಿದೆ. ಪ್ರೀತಿ ಗೀತಿ ಅಂತ ಕುಣಿಯೋಕೆ ನನ್ನ ಕೈಲಾಗಲ್ಲ," ಎಂದಳು. "ಆದ್ರೆ ನೀವು ಹೋಗ್ಬೇಡಿ."

"ಕುಣಿಯೋದು ನಂಗೂ ಬರಲ್ಲ. ಸುಮ್ನೆ ಕೂತ್ಕೊಳ್ಳೋಣ."

ಅಲ್ಲಿದ್ದದ್ದು ಒಂದೇ ಸ್ಟೂಲು. ಅವನು ಅದನ್ನು ಅವಳತ್ತ ಸರಿಸಿದ, ಅವಳು ಅವನತ್ತ ಸರಿಸಿದಳು. ಕಡೆಗೆ ಇಬ್ಬರೂ ನೆಲದ ಮೇಲೆಯೇ ಕೂತರು.