ಗೋಧಿ ಹೊಲದ ಕೆಂಪು ಚುಕ್ಕೆ

“ಏ ಪೂನಮ, ಏನ ಮಾಡಾಕತ್ತೀ ಅಲ್ಲಿ?”

ಪರಸವ್ವ ಆಯಿ ದೂರದಿಂದ ಕೂಗಿದರೂ ಮೊಮ್ಮಗಳು ತಲೆ ಎತ್ತಲಿಲ್ಲ. “ಏನಿಲ್ಲ ಆಯಿ, ಕಸಾ ಕೀಳಾಕತ್ತೀನಿ!” ಅಂದಳು.

ಕಸ ಎಲ್ಲಿಯದು! ಅವಳು ಗೋಧಿಯ ಎಲೆಗಳನ್ನೇ ಹರಿದು ಹರಿದು ಬದುವಿನ ಆಚೆ ಎಸೆಯುತ್ತಿದ್ದಳು. ಕನಮಡಿ ಊರಿನ ಆ ಹೊಲದ ಒಂದು ಮೂಲೆಯಲ್ಲಿ, ಕೆಳಗಿನ ಎಲೆಗಳ ಮೇಲೆ ಕಿತ್ತಳೆ ಚುಕ್ಕೆಗಳು ಎದ್ದಿದ್ದವು. ಮುಟ್ಟಿದರೆ ಸಾಕು, ಬೆರಳಿಗೆಲ್ಲ ದೇವರ ಭಂಡಾರದಂಥ, ಅರಿಸಿನದಂಥ ಪುಡಿ. ಊರವರು ಅದಕ್ಕೇ ಇದನ್ನು ಭಂಡಾರ ರೋಗ ಅನ್ನುತ್ತಾರೆ.

ವಿಜಯಪುರದ ಕೃಷಿ ಕಚೇರಿಯಿಂದ ದೀಪಾಲಿ ಮೇಡಂ ಬೆಳೆ ರೋಗದ ಸರ್ವೆಗೆ ಬರುವವರಿದ್ದರು. ನಿನ್ನೆ ಶಾಲೆಯಲ್ಲಿ ಅವರು ಮೊಬೈಲ್‌ನಲ್ಲಿ ಮ್ಯಾಪ್ ತೋರಿಸಿದ್ದರು. ರೋಗ ಇಲ್ಲದ ಹೊಲಕ್ಕೆ ಹಸಿರು ಚುಕ್ಕೆ, ಇದ್ದ ಹೊಲಕ್ಕೆ ಕೆಂಪು. “ಕೆಂಪು ಬಿದ್ದವ್ರು ಫೇಲ್!” ಎಂದು ಪಕ್ಕದ ಹೊಲದ ಮಿನಾಜ ಕಿಸಕ್ಕನೆ ನಕ್ಕಿದ್ದಳು. ಆಯಿಯ ಹೊಲ ಫೇಲ್ ಆಗುವುದೇ? ಛೆ, ಪೂನಮ ಇರುವಾಗ!

ಸ್ಕೂಟಿ ನಿಲ್ಲಿಸಿ ಮೇಡಂ ಹೊಲಕ್ಕಿಳಿದರು. ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು, ಕಣ್ಣು ಮುಚ್ಚಿ ಕೈಗೆ ಸಿಕ್ಕ ಗಿಡ ಹಿಡಿಯುವುದು. ಪೂನಮಳಿಗೆ ಸುಮ್ಮನಿರಲಾಗಲಿಲ್ಲ.

“ಕಣ್ಣ ಯಾಕ ಮುಚ್ಚತೀರಿ ಮೇಡಂ?”

“ಕಣ್ಣ ಬಿಟ್ರ ಕೈ ಬರೇ ರೋಗದ ಗಿಡದ ಕಡೇನ ಓಡ್ತದ. ಲೆಕ್ಕ ತಪ್ತದ.”

ಕಡೆಗೆ ಆ ಮೂಲೆ ಬಂತು. ಮೇಡಂ ಬಗ್ಗಿ ನೋಡಿ ಹುಬ್ಬೇರಿಸಿದರು. “ಇಲ್ಲಿ ಕೆಳಗಿನ ಎಲಿ ಎಲ್ಲಿ ಹೋದವ್ರಿ ಆಯಿ?”

“ಆಡು ತಿಂದಿರಬೇಕ್ರಿ,” ಎಂದಳು ಹಿಂದೆಯೇ ಬಂದಿದ್ದ ಆಯಿ.

“ಮ್ಯಾಲಿನ ಎಳೀ ಎಲಿ ಬಿಟ್ಟು ಕೆಳಗಿಂದಷ್ಟ ತಿನ್ನೋ ಆಡು ನಾ ಎಲ್ಲೂ ನೋಡಿಲ್ಲ ಬಿಡ್ರಿ!”

ಪೂನಮ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು. ಆದರೆ ಬಾಯಿ ಕೇಳಬೇಕಲ್ಲ! “ಮೇಡಂ, ಈ ರೋಗ ಬಾಜೂ ಹೊಲಕ್ಕ ಹೆಂಗ ಹೋಗತೈತ್ರಿ? ಅದಕ್ಕ ಕಾಲ ಅದಾವೇನ್ರಿ?”

“ಕಾಲ ಯಾಕ ಬೇಕು, ಗಾಳಿ ಅದಲ್ಲ! ಆ ಪುಡಿ ಹಾರಿ ಹೋಗಿ ಹೊಸ ಎಲಿ ಹಿಡೀತದ. ಅದಕ್ಕ ಕೆಂಪು ಬಿದ್ದ ಕೂಡಲೇ ಸುತ್ತಲಿನವ್ರಿಗೆ ಫೋನ್ ಮಾಡ್ತೀವಿ. ಲಗೂನ ಔಷಧ ಹೊಡದ್ರ ಬೆಳಿ ಉಳೀತದ.”

“ಹಸಿರು ಬಿದ್ರ?”

“ಯಾರಿಗೂ ಹೇಳೂದಿಲ್ಲ.”

ಚುಕ್ಕೆ ಹಾಕಲು ಮೇಡಂ ಮೊಬೈಲ್ ತೆಗೆದರು. ಪೂನಮ ಬದುವಿನ ಆಚೆ ನೋಡಿದಳು. ಅವಳು ಎಸೆದ ಎಲೆಗಳೆಲ್ಲ ಮಿನಾಜಳ ಹೊಲದಲ್ಲಿ ಬಿದ್ದಿದ್ದವು. ಗಾಳಿಯೂ ಅತ್ತಲೇ ಬೀಸುತ್ತಿತ್ತು.

“ತಡೀರಿ ಮೇಡಂ!” ಎಂದು ಎರಡೂ ಕೈ ಮುಂದೆ ಚಾಚಿದಳು. ಅಂಗೈ ತುಂಬ ಕಿತ್ತಳೆ ಬಣ್ಣ.

“ಅಯ್ಯ ನನ್ನ ಖೋಡಿ! ಕಸಾ ಕೀಳಾಕತ್ತೀನಿ ಅಂದೆಲ್ಲ ಬೇ!” ಆಯಿ ಹಣೆ ಚಚ್ಚಿಕೊಂಡಳು.

ಮೇಡಂ ಬೈಯಲಿಲ್ಲ. ಚೀಲದಿಂದ ಭೂತಗನ್ನಡಿ ತೆಗೆದು ಪೂನಮಳ ಅಂಗೈ ಮೇಲೆ ಹಿಡಿದರು. ಬರೀ ಪುಡಿ ಅಂದುಕೊಂಡಿದ್ದು ಸಣ್ಣ ಸಣ್ಣ ಕಾಳುಗಳಾಗಿ ಕಂಡಿತು. “ಯಪ್ಪಾ! ಇಷ್ಟೊಂದಾ!” ಎಂದಳು ಪೂನಮ. ನಾಚಿಕೆಯಾಗುತ್ತಿದ್ದರೂ ಕಣ್ಣು ಕೀಳಲಾಗಲಿಲ್ಲ.

ಮೊಬೈಲ್‌ನಲ್ಲಿ ಕೆಂಪು ಚುಕ್ಕೆ ಬಿತ್ತು. ಮೇಡಂ ಫೋನ್ ಹಚ್ಚುವವರೆಗೂ ಪೂನಮ ಕಾಯಲಿಲ್ಲ. ಬದು ಹತ್ತಿ, ಹೊಲದಲ್ಲಿದ್ದ ಎಲ್ಲರಿಗೂ ಕೇಳುವಂತೆ ಕೂಗಿದಳು.

“ಏ ಮಿನಾಜ! ನಮ್ಮ ಹೊಲಕ್ಕ ಕೆಂಪು ಬಿದ್ದೈತಿ! ರೋಗದ ಎಲಿ ನಾನ ನಿಮ್ಮ ಕಡೆ ಒಗದೀನಿ! ನಿಮ್ಮ ಗಿಡದ ಕೆಳಗಿನ ಎಲಿ ನೋಡ್ರಿ, ಲಗೂ!”

ಮಿನಾಜ ನಗಲಿಲ್ಲ. ಕೈಯಲ್ಲಿದ್ದ ಕೊಡ ಅಲ್ಲೇ ಇಟ್ಟು ಗೋಧಿಯೊಳಗೆ ಓಡಿದಳು.