ಅನುಗೊಂಡನಹಳ್ಳಿಯ ಜಲಜನಕ ಪ್ರಕರಣ

೧೯೭೪ರ ಮಾರ್ಚ್ ಹನ್ನೊಂದರ ಬೆಳಗ್ಗೆ ಹೊಸಕೋಟೆ ಠಾಣೆಗೆ ಬಂದ ಇಂಜಿನಿಯರ್ ವೆಂಕಟರಮಣಪ್ಪನವರು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅನುಗೊಂಡನಹಳ್ಳಿಯ ಹೊಲದ ಶೆಡ್ಡಿನಲ್ಲಿ ಅವರು ಇರಿಸಿದ್ದ ಎರಡು ಸಿಲಿಂಡರುಗಳ ಜಲಜನಕವನ್ನು ಯಾರೋ ಹೊರಗೆ ಬಿಟ್ಟಿದ್ದರು.

"ಮಧ್ಯಾಹ್ನ ದಿಲ್ಲಿಯ ಅಧಿಕಾರಿಗಳು ಬರ್ತಾರೆ. ವಿಮಾನದ ಇಂಜಿನ್ನು ಈ ಅನಿಲದಲ್ಲಿ ಓಡೋದನ್ನ ತೋರಿಸದಿದ್ರೆ ಪ್ರಯೋಗಕ್ಕೆ ಇವತ್ತೇ ಕೊನೆ."

"ಜೆಟ್ ವಿಮಾನಕ್ಕೆ ಸೀಮೆಎಣ್ಣೆಯಂಥದ್ದು ಇದೆಯಲ್ಲ, ಸಾಲದೇನ್ರೀ?" ಎಂದರು ಇನ್ಸ್‌ಪೆಕ್ಟರ್ ನರಸಿಂಹಯ್ಯ.

"ಅದೂ ತೈಲ ಬಿಗಿಹಿಡಿದಿರೋ ಅರಬ್ಬರ ಕೈಲೇ ಇದೆ ಸಾರ್. ನಿಮ್ಮ ಜೀಪು ಯಾಕೆ ನಿಂತಿದೆ ಹೇಳಿ?"

ಜೀಪಿನ ಪೆಟ್ರೋಲು ನಿಜವಾಗಿಯೂ ಮುಗಿದಿತ್ತು. ಎಫ್‌ಐಆರ್ ದಾಖಲಿಸಿ, ಕಾನ್ಸ್‌ಟೇಬಲ್ ಚಿಕ್ಕಬೀರಪ್ಪನೊಡನೆ ನರಸಿಂಹಯ್ಯನವರು ಬಸ್ಸು ಹತ್ತಿದರು.

ಶೆಡ್ಡಿನ ಬೀಗ ಮುರಿದಿರಲಿಲ್ಲ. ಕಿಟಕಿಗಳು ತೆರೆದಿದ್ದವು, ಸಿಲಿಂಡರುಗಳ ತಿರುಪು ಪೂರ್ತಿ ಸಡಿಲಾಗಿತ್ತು. ಒಂದು ಕೀಲಿ ಇಂಜಿನಿಯರರ ಬಳಿ, ಇನ್ನೊಂದು ಕಾವಲುಗಾರ ಕೊಂಡಪ್ಪನ ಬಳಿ. ಕೊಂಡಪ್ಪನ ಅಳಿಯ ಸಂಜೀವಪ್ಪನೇ ಅಲ್ಲಿ ಮೆಕ್ಯಾನಿಕ್. ಬಲ ಮುಂಗೈಗೆ ಪಟ್ಟಿ ಕಟ್ಟಿಕೊಂಡು ಇಂಜಿನ್ನಿನ ಸುತ್ತ ಚಡಪಡಿಸುತ್ತಿದ್ದ ಅವನು, "ಯಾವನೋ ಹೊಟ್ಟೆಕಿಚ್ಚಿನವನು! ಸಿಕ್ಕಿದ್ರೆ ನನ್ ಕೈಗೆ ಕೊಡಿ ಸಾ" ಎಂದ.

ಕೊಂಡಪ್ಪ, "ನಾನು ಕಾಣೆ ಸ್ವಾಮಿ" ಎಂದಷ್ಟೇ ಹೇಳಿದ.

"ಅನಿಲ ಹೋಗುವಾಗ ಹತ್ತಿರದಲ್ಲಿ ದೀಪ ಉರಿಯುತ್ತಿದ್ದರೆ?" ನರಸಿಂಹಯ್ಯನವರು ಇಂಜಿನಿಯರರನ್ನು ಕೇಳಿದರು.

"ಶೆಡ್ಡೇ ಇರ್ತಿರಲಿಲ್ಲ."

ಪಂಚನಾಮೆಗೆ ಹೊರಗೋಡೆಯನ್ನು ನೋಡುತ್ತಿದ್ದಾಗ, ಅದಕ್ಕೆ ಒತ್ತಿಕೊಂಡಂತಿದ್ದ ಮುನೇಶ್ವರನ ಕಲ್ಲು ಅವರ ಕಣ್ಣಿಗೆ ಬಿತ್ತು. ಹಣತೆಯಲ್ಲಿ ಮೊನ್ನೆಯ ಕಪ್ಪು ಬತ್ತಿಯಿತ್ತು, ಎಣ್ಣೆಯಿರಲಿಲ್ಲ. ದೈವದ ಮುಂದೆ ದೀಪ ತಪ್ಪುವುದು ಆ ಸೀಮೆಯಲ್ಲಿ ಸಣ್ಣ ಮಾತಲ್ಲವೆಂದು ಅವರು ಬಲ್ಲರು. ದಿನವೂ ಅಲ್ಲಿ ದೀಪವಿಡುತ್ತಿದ್ದವಳು ಕೊಂಡಪ್ಪನ ಹೆಂಡತಿ ಮುತ್ಯಾಲಮ್ಮ.

"ನೆನ್ನೆ ಸಂಜೆ ದೀಪ ಹಚ್ಚಲಿಲ್ಲವೇನಮ್ಮಾ?"

"ಸೂತಕ ಸ್ವಾಮಿ. ನಂದಗುಡಿ ದಾಯಾದಿ ಬೈಲಪ್ಪ ತೀರ್ಕೊಂಡ ಅಂದ್ರು ನಮ್ಮೆಜಮಾನ್ರು. ಶೆಡ್ಡಿನ ಕಡೀಕೆ ಸುಳೀಬೇಡ ಅಂದ್ರು."

"ನೀವು ಮಣ್ಣಿಗೆ ಹೋಗಲಿಲ್ಲವೆ?"

"ನೀನು ಬೇಡ, ನಾನೇ ಹೋಗ್ಬಂದೆ ಅಂದ್ರು."

ಚಿಕ್ಕಬೀರಪ್ಪ ನಂದಗುಡಿಗೆ ಹೋಗಿ, ಬಿಸಿಲೇರುವ ವೇಳೆಗೆ ಮರಳಿದ. "ಸಾರ್, ತೀರಿಕೊಂಡ ಬೈಲಪ್ಪ ಹಿತ್ತಲಲ್ಲಿ ಎಮ್ಮೆ ಮೈ ತೊಳೀತಿದ್ದ. ಯಾವಾಗ ಸತ್ತೆ ಗುರು ಅಂದೆ. ಎಮ್ಮೆ ನೀರು ಎರಚೋಕೆ ಬಂದ."

ಕೊಂಡಪ್ಪನಿಗೆ ನಗು ಬರಲಿಲ್ಲ.

"ದೀಪ ಹಚ್ಚಿದರೆ ಹೆಂಡತಿ ಸುಟ್ಟುಹೋಗುತ್ತಾಳೆಂದು ಮೊದಲೇ ತಿಳಿದಿದ್ದವನು ನೀನೊಬ್ಬನೇ. ಅನಿಲ ಬಿಟ್ಟವನು ನೀನು. ಯಾರು ಹಣ ಕೊಟ್ಟರು?" ಎಂದು ನರಸಿಂಹಯ್ಯನವರು ಕೇಳಿದರು.

"ಹಣ ಯಾರು ಕೊಡ್ತಾರೆ ಸ್ವಾಮಿ?" ಎಂದ ಕೊಂಡಪ್ಪ. "ಹೋದ ತಿಂಗಳು ಪೈಪು ಸೋರಿ ಹತ್ಕೊಳ್ತು. ಹಾಡುಹಗಲು. ಹೊಗೆ ಇಲ್ಲ, ಉರಿ ಇಲ್ಲ, ಏನೂ ಕಾಣಲಿಲ್ಲ. ಅಳಿಯಂದಿರು ಕೈ ಇಟ್ರು, ಚರ್ಮ ಕಿತ್ಕೊಂಡ್ ಬಂತು. ಕಾಣೋ ಬೆಂಕಿಯಾದ್ರೆ ನೀರು ಹುಯ್ತಿದ್ದೆ. ಇದಕ್ಕೆ ಎಲ್ಲಿಗೆ ಅಂತ ಹುಯ್ಯಲಿ? ಬೇಡ ಕಣಪ್ಪಾ ಅಂದ್ರೆ ಅವರು ಕೇಳಲಿಲ್ಲ. ಇವತ್ತೂ ಇಂಜಿನ್ ಪಕ್ಕ ಅವರೇ ನಿಲ್ಲಬೇಕಿತ್ತು."

ಇಂಜಿನಿಯರರು ಮುಖ ಬೇರೆಡೆಗೆ ತಿರುಗಿಸಿದರು. ಜಲಜನಕದ ಜ್ವಾಲೆ ಬಿಸಿಲಿನಲ್ಲಿ ಕಾಣುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಕಾವಲುಗಾರನಿಗೆ ವಿವರಿಸಿ ಹೇಳಬೇಕೆಂದು ಅವರಿಗೆ ತೋರಿರಲಿಲ್ಲ.

ಮಧ್ಯಾಹ್ನ ಕೊಂಡಪ್ಪನನ್ನು ದಸ್ತಗಿರಿ ಮಾಡಲಾಯಿತು. ದಿಲ್ಲಿಯವರು ಬಂದು ತಣ್ಣಗೆ ನಿಂತಿದ್ದ ಇಂಜಿನ್ನನ್ನು ನೋಡಿ ಹಿಂದಿರುಗಿದರು. ಭಯವೇ ಆ ಕೃತ್ಯದ ಮೂಲವೆಂದು ನರಸಿಂಹಯ್ಯನವರು ವರದಿಯಲ್ಲಿ ಬರೆದರು. ಅದಕ್ಕಿಂತ ಹೆಚ್ಚಿನದನ್ನು ಬರೆಯಲು ಕಾನೂನಿನಲ್ಲಿ ಕಲಮು ಇರಲಿಲ್ಲ.

ಬಸ್ಸಿನ ಬಳಿಗೆ ಸಂಜೀವಪ್ಪ ಓಡಿಬಂದ.

"ಎರಡು ವರ್ಷದ ಕೆಲಸ ಮಾವ! ಹಾಳು ಮಾಡ್ಬಿಟ್ರಲ್ಲ! ನಿಮ್ಮ ಮುಖ ನೋಡಲ್ಲ ಇನ್ನ!"

ಬೇಡಿ ತೊಟ್ಟ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೊಂಡಪ್ಪ ಕಿಟಕಿಯಿಂದ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಬೈಯಪ್ಪಾ, ಬೈಯಿ. ಬೈಯೋಕೆ ಇದ್ದೀಯಲ್ಲ."