ಕುಲುಕಬಾರದ ಬಾಟಲಿ

"ಅಲ್ಲಾಡಿಸ್ಬೇಡಿ!"

ಶ್ರೀವಾಣಿ ಕೂಗಿದ ರಭಸಕ್ಕೆ ನೆಲಮಾಳಿಗೆಯ ಕಲ್ಲುಗೋಡೆಗಳು ಮರುದನಿ ಕೊಟ್ಟವು. ಕೂಗಿದ್ದಷ್ಟೇ ಅಲ್ಲ, ಎದುರಿಗಿದ್ದವನ ಮಣಿಕಟ್ಟನ್ನೇ ಬಿಗಿಯಾಗಿ ಹಿಡಿದುಬಿಟ್ಟಿದ್ದಳು. ಅವನ ಕೈಯಲ್ಲಿದ್ದದ್ದು ಅವಳಿಗಿಂತ ವಯಸ್ಸಿನಲ್ಲಿ ದೊಡ್ಡದಾದ ಬಾಟಲಿ. ಫ್ರಾನ್ಸಿನ ಬೋರ್ಡೋ ಸೀಮೆಯ ಕೆಂಪು ವೈನು.

"ಅಭ್ಯಾಸಬಲ ಕಣ್ರೀ. ನಾನು ದನದ ಡಾಕ್ಟ್ರು. ಕೈಗೆ ಬಾಟ್ಲಿ ಬಂದ್ರೆ ಕುಲುಕ್ಬುಟ್ಟೇ ಬಿದಿರು ಗೊಟ್ಟಕ್ಕೆ ಸುರಿಯೋದು."

"ಇದನ್ನ ಎಮ್ಮೆಗೆ ಕುಡಿಸಲ್ಲ."

"ಕುಡಿಯೋರು ಎಮ್ಮೆಗಿಂತ ಶ್ಯಾಣೇರಾ?"

ನಗಬಾರದೆಂದುಕೊಂಡೇ ನಕ್ಕಳು ಶ್ರೀವಾಣಿ. "ಹಳೇ ವೈನಿನ ತಳದಲ್ಲಿ ಮಡ್ಡಿ ಕೂತಿರುತ್ತೆ. ಒಂದ್ಸಲ ಕದಡಿದ್ರೆ ತಿಳಿಯಾಗೋಕೆ ದಿನಗಟ್ಟಲೆ ಬೇಕು. ನೆಟ್ಟಗೆ ನಿಲ್ಲಿಸಿ ಸುಮ್ನೆ ಕಾಯ್ಬೇಕು, ಬೇರೆ ದಾರಿ ಇಲ್ಲ."

"ಹಂಗಾದ್ರೆ ಕೈ ಬಿಡ್ತೀರಾ? ಈಗ ಅಲ್ಲಾಡಿಸ್ತಿರೋದು ನೀವು."

ನಿಜ. ನಡುಗುತ್ತಿದ್ದದ್ದು ಅವಳದೇ ಕೈ.

ಅವನು ರುದ್ರಮೂರ್ತಿ. ಅಜ್ಜಂಪುರದಲ್ಲಿ ಪಶುವೈದ್ಯ. ಅವಳು ಕಡೂರಿನ ಹುಡುಗಿ, ಬೆಂಗಳೂರಿನ ಹರಾಜು ಸಂಸ್ಥೆಯೊಂದರಲ್ಲಿ ಹಳೆಯ ವೈನಿನ ಪರೀಕ್ಷಕಿ. ಬಾಟಲಿ ಅಸಲಿಯೋ ನಕಲಿಯೋ ಎಂದು ಅವಳು ಹೇಳಿದ ಮೇಲೆಯೇ ಅದು ಹರಾಜಿನ ಮೇಜು ಹತ್ತಬೇಕು.

ತರೀಕೆರೆಯ ಈ ಬಂಗಲೆ ಕಾಫಿ ವ್ಯಾಪಾರಿ ಕೃಷ್ಣಸ್ವಾಮಿಯವರದು. ಕೆರೆ ಏರಿಯ ಮೇಲೆ ಕೂಲಿಯವನೊಬ್ಬ ತೂರಾಡಿದರೆ ಊರು ಅವನನ್ನು ಕುಡುಕ ಅನ್ನುತ್ತದೆ. ನೆಲದಡಿ ತಂಪು ಕೋಣೆ ಕಟ್ಟಿಸಿ, ಬಾಟಲಿಗಳನ್ನು ಹಸುಗೂಸಿನಂತೆ ಮಲಗಿಸಿದ ಕೃಷ್ಣಸ್ವಾಮಿಯವರನ್ನು ಅದೇ ಊರು ರಸಿಕರು ಅನ್ನುತ್ತಿತ್ತು. ಅವರು ತೀರಿಕೊಂಡಾಗ ಬಂಗಲೆ ತಮ್ಮನ ಮಗ ಸುದರ್ಶನನಿಗೆ ಹೋಯಿತು. ನೆಲಮಾಳಿಗೆಯ ಬಾಟಲಿಗಳನ್ನು ಮಾತ್ರ ಅಡುಗೆಯ ಕಲ್ಲಮ್ಮನ ಹೆಸರಿಗೆ ಬರೆದಿಟ್ಟಿದ್ದರು. ರುದ್ರಮೂರ್ತಿಯ ತಾಯಿ ಅವಳು.

ಕೊರಳಲ್ಲಿ ಲಿಂಗ ಕಟ್ಟಿದ, ಹೆಂಡದ ಗಾಳಿಗೂ ಮೂಗು ಮುಚ್ಚುವ ಕಲ್ಲಮ್ಮನಿಗೆ ವೈನು! ತರೀಕೆರೆಯ ಬಾಯಿಗಳಿಗೆ ಹಬ್ಬವೋ ಹಬ್ಬ. "ಅಡುಗೇವಳಿಗೆ ಯಾಕೆ ಬರೆದ್ಕೊಟ್ಟ?" ಎಂದು ಕೇಳಿದವರಲ್ಲಿ ಒಬ್ಬರೂ, ಮುದುಕ ಹಾಸಿಗೆ ಹಿಡಿದಾಗ ಯಾರಿದ್ದರು ಎಂದು ಕೇಳಲಿಲ್ಲ.

ಆ ವಾರವೆಲ್ಲ ಶ್ರೀವಾಣಿ ಕಡೂರಿನ ಚಿಕ್ಕಮ್ಮ ವನಜಾಕ್ಷಿಯ ಮನೆಯಿಂದ ಬಂದು ಹೋಗುತ್ತಿದ್ದಳು. ಸಂಜೆ ರುದ್ರಮೂರ್ತಿ ಬೈಕಿನಲ್ಲಿ ಬೀರೂರಿನವರೆಗೆ ಬಿಡುತ್ತಿದ್ದ. ಜಂಕ್ಷನ್ನಿನ ಎದುರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಎರಡು ಲೋಟ ಟೀ. ಕರು ಅಡ್ಡ ತಿರುಗಿದ್ದ ಹಸುವಿನ ಕಥೆಯನ್ನು ಅವನು ಹೇಳುತ್ತಿದ್ದರೆ, ರೈಲು ಬಂದು ನಿಂತದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ.

'ಇದೇನಾಗ್ತಿದೆ ನಂಗೆ... ಬಂದಿರೋದು ಬಾಟ್ಲಿ ನೋಡೋಕೆ.'

ಕೊನೆಯ ದಿನ ಒಳಗಿನ ಕಪಾಟು ತೆಗೆದಳು. ಎಲ್ಲಕ್ಕಿಂತ ಬೆಲೆಬಾಳುವ ಬಾಟಲಿಗಳು ಅಲ್ಲಿದ್ದವು. ಟಾರ್ಚಿನ ಬೆಳಕು ಬಿದ್ದದ್ದೇ ಬಗ್ಗಿ ನೋಡಿದಳು.

ಒಂದಾದರೂ ಧೂಳಿನ ಕಣವಿಲ್ಲ. ಫಳಫಳ ಹೊಳೆಯುತ್ತಿವೆ. ಲೇಬಲ್ಲುಗಳು ಸೊಟ್ಟ. ಉಗುರು ತಾಗಿಸಿದರೆ ಅಂಚಿನಲ್ಲಿ ಹೊಸ ಅಂಟು! ಬಾಟಲಿಯ ತಳದ ಗುಳಿಯಲ್ಲಿ ಎಂಥದೋ ಬಿಳಿ ಪುಡಿ.

ಅಗ್ಗದ ವೈನಿಗೆ ಹಳೆಯ ಲೇಬಲ್ಲು ಅಂಟಿಸುವುದು ಈ ದಂಧೆಯ ಮೊದಲ ಮೋಸ. ಅವಳು ಕಲಿತ ಮೊದಲ ಪಾಠವೂ ಅದೇ.

"ಇದನ್ನ ಯಾರು ಅಂಟಿಸಿದ್ದು?"

ರುದ್ರಮೂರ್ತಿ ಬಾಟಲಿ ನೋಡಿದ. ಅವನ ಮುಖದ ಬಣ್ಣ ಇಳಿಯಿತು. ಮೇಲೆ ಅಡುಗೆಮನೆಯಿಂದ ಕಲ್ಲಮ್ಮ ಪಾತ್ರೆ ಜೋಡಿಸುವ ಸದ್ದು ಬರುತ್ತಿತ್ತು. ಒಮ್ಮೆ ಆ ಕಡೆ ಕಿವಿಗೊಟ್ಟು, "ನಾನೇ," ಎಂದ.

"ಯಾಕೆ?"

"ಕಿತ್ತು ಬಂದಿತ್ತು. ಅಂಟಿಸ್ದೆ."

"ಅಷ್ಟೂ ಬಾಟ್ಲೀದಾ? ರುದ್ರಮೂರ್ತಿ... ನನ್ನ ಮುಖ ನೋಡಿ ಹೇಳಿ."

ಅವನು ನೋಡಲಿಲ್ಲ. "ನಾನೇ ಅಂದ್ನಲ್ಲ ಮೇಡಂ. ಬರ್ಕೊಳ್ಳಿ."

ಮೇಡಂ! ವಾರವಿಡೀ ಶ್ರೀವಾಣಿ ಆಗಿದ್ದವಳು ಒಂದೇ ಏಟಿಗೆ ಮೇಡಂ ಆಗಿಬಿಟ್ಟಳು.

ಬಸ್ಸಿನಲ್ಲಿ ಕೂತು ಫೋನಿನಲ್ಲೇ ವರದಿ ಬರೆದು ಕಳಿಸಿದಳು. *ಲೇಬಲ್ ತಿದ್ದಲಾಗಿದೆ. ಅಸಲಿಯೆಂದು ಹೇಳಲಾಗದು. ಹರಾಜಿಗೆ ಬೇಡ.* ಉಯಿಲಿನ ಮೇಲೆ ಸುದರ್ಶನ ತಕರಾರು ಹೂಡಿದ್ದರಿಂದ ಒಂದು ಪ್ರತಿ ಅವನಿಗೂ ಹೋಯಿತು. ಕ್ಷಣದಲ್ಲಿ ಅವನ ಫೋನು.

"ನಂಗೆ ಮೊದ್ಲೇ ಗೊತ್ತಿತ್ತು ಬಿಡಿ. ಅಸಲಿ ಮಾಲು ಮಾರ್ಕೊಂಡು ನಕಲಿ ಇಟ್ಟಿದಾನೆ. ಎಷ್ಟು ಓದಿದ್ರೇನು, ಅಡುಗೇವಳ ಮಗ ಅಲ್ವಾ? ಸಂಜೆ ಸ್ಟೇಷನ್ನಿಗೆ ಕಂಪ್ಲೇಂಟ್ ಕೊಡ್ತೀನಿ. ನೀವೇ ಸಾಕ್ಷಿ."

ಶ್ರೀವಾಣಿ ಫೋನು ಇಟ್ಟಳು.

'ಅಡುಗೇವಳ ಮಗ ಅಲ್ವಾ...' ಹೇಳಿದವನು ಅವನು. ಆದರೆ ನಂಬಿದವಳು? ಇದೇ ಅಂಟು ಸುದರ್ಶನನ ಬಾಟಲಿಯ ಮೇಲೆ ಇದ್ದಿದ್ದರೆ ತಾನು ಏನು ಕೇಳುತ್ತಿದ್ದೆ? 'ಗೋಡೆಗೆ ತೇವ ಬಂದಿತ್ತಾ ಸರ್?' ಎಂದು ನಯವಾಗಿ ಕೇಳುತ್ತಿದ್ದೆ. ಡ್ರೈವರ್, ಆಳು, ಅಡುಗೆಯವಳ ಮನೆಯವರು ಎಂದಾಗ ಮಾತ್ರ ಕಳ್ಳತನ ತಾನಾಗಿ ನೆನಪಿಗೆ ಬರುತ್ತದೆ. ಅದನ್ನು ಯಾವ ಶಾಲೆಯೂ ಕಲಿಸಬೇಕಿಲ್ಲ. ಹುಟ್ಟಿದ ಮನೆಯೇ ಕಲಿಸಿರುತ್ತದೆ.

ಆದರೂ ಅಂಟು ಅಂಟೇ. 'ನಾನೇ' ಎಂದವನೂ ಅವನೇ. ಹಾಗಾದರೆ ಕಣ್ಣು ಯಾಕೆ ತಪ್ಪಿಸಿದ?

ಬೀರೂರಿನಲ್ಲಿ ಕಡೂರಿನ ರೈಲು ನಿಂತಿತ್ತು. ಶ್ರೀವಾಣಿ ಅದನ್ನು ಹತ್ತಲಿಲ್ಲ. ಅಜ್ಜಂಪುರದ ಕಡೆ ಹೋಗುವ ಗಾಡಿ ಹತ್ತಿದಳು. ಕಿಟಕಿಯಾಚೆ ತೆಂಗಿನ ಸಾಲು ಓಡುತ್ತಿತ್ತು. ಸಂಜೆಯೊಳಗೆ ಸತ್ಯ ತಿಳಿಯದಿದ್ದರೆ? ತಿಳಿದ ಸತ್ಯ ಅವನ ವಿರುದ್ಧವೇ ಇದ್ದರೆ?

ಅಜ್ಜಂಪುರದ ಮನೆಯ ಬಾಗಿಲು ತೆರೆದವಳು ಕಲ್ಲಮ್ಮ. ಮಗನೊಂದಿಗೆ ಆಗಷ್ಟೇ ತರೀಕೆರೆಯಿಂದ ಬಂದಿದ್ದಳು.

"ಬಾರವ್ವ. ಇವನು ಎಮ್ಮೆ ನೋಡಕ್ಕೆ ಹೋದ, ಮೋರೆ ಊದಿಸ್ಕಂಡು. ಜಗಳ ಆಡಿದ್ರಾ?"

ಶ್ರೀವಾಣಿಯ ಕಣ್ಣು ಗೋಡೆಯ ಕಪಾಟಿನ ಮೇಲೆ ನೆಟ್ಟಿತ್ತು. ರುದ್ರಮೂರ್ತಿಯ ದನದ ಔಷಧಿಯ ಬಾಟಲಿಗಳು. ಒಂದಾದರೂ ಧೂಳಿನ ಕಣವಿಲ್ಲ. ಲೇಬಲ್ಲುಗಳು ಸೊಟ್ಟ. ಪ್ರತಿ ಬಾಟಲಿಯ ಮೇಲೂ ಮೂರು ಬೆರಳಿನ ವಿಭೂತಿ ಪಟ್ಟೆ, ನಡುವೆ ಕುಂಕುಮದ ಬೊಟ್ಟು.

"ಅಮ್ಮ... ಇದು?"

"ಆಯುಧಪೂಜೆದು ಕಣವ್ವ. ಅನ್ನ ಕೊಡೋ ಸಾಮಾನು ತೊಳೀದೆ ಪೂಜೆ ಮಾಡಕ್ಕಾಯ್ತದಾ? ನೀರಿಗೆ ಹಾಕಿದ್ರೆ ಚೀಟಿ ಕಿತ್ಕಂಡು ಬತ್ತವೆ. ಗಂಜಿ ಹಚ್ಚಿ ಮತ್ತೆ ಅಂಟಿಸ್ತೀನಿ."

"ತರೀಕೆರೆಲೂ... ಬಂಗಲೇಲೂ ಹೀಗೇ ಮಾಡಿದ್ರಾ?"

"ಮಾಡ್ದೆ ಬಿಡ್ತೀನಾ? ಅಪ್ಪೋರು ಇರೋವರ್ಗೂ ಮುಟ್ಟಕ್ಕೆ ಬಿಡ್ಲಿಲ್ಲ. ಈ ಸಲ ಒಳಗಿನ ಕಪಾಟಿನವನ್ನೆಲ್ಲ ತೊಳ್ದೆ. ಹೊರಗಿನವಕ್ಕೆ ಕೈ ಹಾಕೋ ಹೊತ್ಗೆ ನಡ ಹಿಡ್ಕಂತು. ಚೀಟಿ ಮೇಲೆ ಕಲೆ ಆದಾತು ಅಂತ ಇಬೂತಿನ ತಳಕ್ಕೆ ಹಚ್ಚಿದೀನಿ. ಅದು ಹೆಂಡ ಅಂತ ಗೊತ್ತು ಕಣವ್ವ. ಆದ್ರೂ ಅವರ ಜೀವ ಅದ್ರಾಗಿತ್ತು."

ಬಿಳಿ ಪುಡಿ! ಅಂಟು ನೋಡಿದೊಡನೆ ರುದ್ರಮೂರ್ತಿಗೆ ತಾಯಿಯ ಕೈ ಗೊತ್ತಾಗಿತ್ತು. ಅದಕ್ಕೇ 'ನಾನೇ' ಎಂದ. ಯಜಮಾನ ಬಿಟ್ಟುಹೋದದ್ದನ್ನು ನೀನೇ ಕೆಡಿಸಿದೆ ಎಂದು ಯಾರೂ ಅವಳಿಗೆ ಹೇಳಬಾರದೆಂದು, ಕಳ್ಳನೆನಿಸಿಕೊಳ್ಳಲೂ ಸಿದ್ಧನಾಗಿದ್ದ.

ಬೈಕು ನಿಂತ ಸದ್ದಾಯಿತು. ಒಳಗೆ ಬಂದ ರುದ್ರಮೂರ್ತಿ ಮೊದಲು ಅವಳನ್ನು, ಆಮೇಲೆ ಕಪಾಟನ್ನು ನೋಡಿದ. ಬೇಡುವಂತೆ ತಲೆಯಾಡಿಸಿದ. ಹೇಳಬೇಡಿ...

"ಹೇಳ್ಬೇಕು," ಎಂದಳು ಶ್ರೀವಾಣಿ. "ಸುದರ್ಶನ ಪೊಲೀಸ್ ಸ್ಟೇಷನ್ನಿಗೆ ಹೋಗ್ತಿದಾರೆ. ನನ್ನ ವರದಿ ಹಿಡ್ಕೊಂಡು. ತಪ್ಪು ನಂದು."

ಕಲ್ಲಮ್ಮ ಇಬ್ಬರ ಮುಖವನ್ನೂ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಏನ್ಲಾ ಅದು, ನಂಗೆ ಹೇಳ್ದೆ ಮುಚ್ಚಿಟ್ಟಿರೋದು? ಬೊಗಳು."

ಮೂವರೂ ತರೀಕೆರೆಯ ಬಂಗಲೆ ಮುಟ್ಟಿದಾಗ ಸುದರ್ಶನ ಕಾರಿನ ಬಾಗಿಲಿಗೆ ಕೈ ಹಾಕಿದ್ದ. ಕಲ್ಲಮ್ಮ ನೇರವಾಗಿ ಹೋಗಿ ಎದುರಿಗೆ ನಿಂತಳು.

"ಬಾಟ್ಲಿ ತೊಳ್ದಿದ್ದು ನಾನು. ಚೀಟಿ ಅಂಟಿಸಿದ್ದೂ ನಾನು. ನಿಮ್ಮ ದೊಡ್ಡಪ್ಪನ್ನ ಕಡೇಗಾಲದಾಗೆ ತೊಳ್ದಿದ್ದೂ ನಾನೇ. ಆಗ ಯಾಕೆ ತೊಳ್ದೆ ಅಂತ ಯಾರೂ ಕೇಳ್ಲಿಲ್ಲ. ಬಾಟ್ಲಿಗೆ ಮಾತ್ರ ಪೊಲೀಸಾ ಸ್ವಾಮಿ?"

ಸುದರ್ಶನ ನಗಲು ನೋಡಿದ. "ಕಥೆ ಚೆನ್ನಾಗಿದೆ. ಒಳಗಿರೋದು ಅಸಲಿ ಅನ್ನೋಕೆ ಏನು ಗ್ಯಾರಂಟಿ?"

"ಬಿರಡೆ," ಎಂದಳು ಶ್ರೀವಾಣಿ. "ದ್ರಾಕ್ಷಿ ತೋಟದ ಹೆಸರು, ವರ್ಷ ಎರಡನ್ನೂ ಬಿರಡೆ ಮೇಲೆ ಸುಟ್ಟು ಬರೆದಿರ್ತಾರೆ. ಅದನ್ನ ಯಾರೂ ತೊಳೆಯೋಕಾಗಲ್ಲ. ಆದ್ರೆ ಬಿರಡೆ ತೆಗೆದ ಬಾಟ್ಲಿ ಹರಾಜಿಗೆ ಸತ್ತ ಹಾಗೆ. ಅಮ್ಮ ಒಪ್ಪಬೇಕು."

"ಒಂದು ಹೋದ್ರೆ ಹೋಗ್ಲಿ. ಮಗನ ಹೆಸ್ರು ಹೋಗ್ಬಾರ್ದು. ತೆಗಿಯವ್ವ."

"ಯಾವುದು ಅಂತ ನೀವೇ ಆರಿಸಿ ಸುದರ್ಶನ್."

ಅವನು ಬೇಕೆಂದೇ ಲೇಬಲ್ಲು ತೀರಾ ಸೊಟ್ಟಗಿದ್ದುದನ್ನು ಎತ್ತಿಕೊಟ್ಟ.

ಹಳೆಯ ಬಿರಡೆ ಒಣಬೆಲ್ಲದಂತೆ ಪುಡಿಯಾಗುವಂಥದ್ದು. ಅರ್ಧಕ್ಕೆ ಮುರಿದರೆ ಎಲ್ಲ ಮುಗಿಯಿತು. ಶ್ರೀವಾಣಿಯ ಬೆರಳು ಮತ್ತೆ ನಡುಗತೊಡಗಿತು. ಆಗ ಬಾಟಲಿಯ ಬುಡವನ್ನು ಎರಡು ಕೈಗಳು ಗಟ್ಟಿಯಾಗಿ ಹಿಡಿದವು. ಎಷ್ಟೋ ಕರುಗಳನ್ನು ಈ ಲೋಕಕ್ಕೆ ಎಳೆದು ತಂದ ಕೈಗಳು.

"ನಿಧಾನ," ಎಂದ ರುದ್ರಮೂರ್ತಿ, ಅವಳಿಗಷ್ಟೇ ಕೇಳುವಂತೆ. "ಬರುತ್ತೆ. ಎಳೀಬೇಡಿ, ಬರೋಕೆ ಬಿಡಿ."

ಬಂತು. ಇಡಿಯಾಗಿ ಬಂತು.

ಕಂದು ಬಿರಡೆಯ ಮೇಲೆ ತೋಟದ ಹೆಸರು. ಕೆಳಗೆ ವರ್ಷ, ಲೇಬಲ್ಲಿನ ಮೇಲಿದ್ದದ್ದೇ. ಶ್ರೀವಾಣಿ ಅದನ್ನು ಸುದರ್ಶನನ ಅಂಗೈಯಲ್ಲಿಟ್ಟಳು. ಅವನು ತಿರುಗಿಸಿ ತಿರುಗಿಸಿ ನೋಡಿದ. ಮೇಜಿನ ಮೇಲಿಟ್ಟ. ಕಾರಿನ ಕಡೆ ನಡೆದ. ಕ್ಷಮೆ ಕೇಳುವುದು ಅಂಥವರ ಮನೆಯ ರೂಢಿಯಲ್ಲಿಲ್ಲ.

ಕಲ್ಲಮ್ಮ ಬಾಟಲಿಯ ಬಾಯಿಗೆ ಮೂಗು ತಂದು ಮುಖ ಕಿವುಚಿದಳು. "ಹಳೇ ಹುಣಸೆ ತೊಕ್ಕಿದ್ದಂಗೈತೆ. ಇದಕ್ಕಾ ಇಷ್ಟೆಲ್ಲ?" ಎಂದು, ಅದನ್ನು ಕೃಷ್ಣಸ್ವಾಮಿಯವರು ಕೂರುತ್ತಿದ್ದ ಕುರ್ಚಿಯ ಪಕ್ಕದಲ್ಲಿಟ್ಟು ದೀಪ ಹಚ್ಚಲು ಹೋದಳು.

ಶ್ರೀವಾಣಿ ಮೆಟ್ಟಿಲ ಮೇಲೆ ಕೂತು ಹೊಸ ವರದಿ ಬರೆದಳು. ಬೆಳಗ್ಗೆ ಒಂದು, ಸಂಜೆ ಒಂದು ಹೇಳುವ ಪರೀಕ್ಷಕಿಯನ್ನು ಸಂಸ್ಥೆ ಇಟ್ಟುಕೊಳ್ಳುತ್ತದೋ ಇಲ್ಲವೋ. ಆ ಭಯ ಹೋಗಿರಲಿಲ್ಲ. ಆದರೂ ಬರೆದಳು. *ನನ್ನ ಮೊದಲ ವರದಿ ತಪ್ಪು. ಆರಿಸಿ ತೆರೆದ ಬಾಟಲಿ ಅಸಲಿ. ಒಳಕಪಾಟಿನ ಬಾಟಲಿಗಳನ್ನು ಒಡತಿ ಆಯುಧಪೂಜೆಗೆ ತೊಳೆದು, ಅನ್ನದ ಗಂಜಿಯಿಂದ ಲೇಬಲ್ ಅಂಟಿಸಿದ್ದಾರೆ. ತಳದಲ್ಲಿ ವಿಭೂತಿ ಇದೆ. ಅಳಿಸಬಾರದು.*

ರುದ್ರಮೂರ್ತಿ ಬಂದು ಎರಡು ಮೆಟ್ಟಿಲು ಕೆಳಗೆ ಕೂತ.

"ನಿಮ್ಮನ್ನ ಕಳ್ಳ ಅಂದ್ಕೊಂಡೆ," ಎಂದಳು ಅವಳು. "ಅಂದ್ಕೊಳ್ಳೋಕೆ ನಂಗೆ ಒಂದು ನಿಮಿಷಾನೂ ಬೇಕಾಗ್ಲಿಲ್ಲ. ಅದೇ ನಂಗೆ ಹೆದರಿಕೆ ಆಗ್ತಿದೆ. ಆದ್ರೂ... ನೀವು ಅಂದ್ರೆ ನಂಗೆ ಇಷ್ಟ. ಹೇಳೋ ಯೋಗ್ಯತೆ ಇದೆಯೋ ಇಲ್ವೋ ಗೊತ್ತಿಲ್ಲ."

ಅವನು ತಿರುಗಿ ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಸುಳ್ಳು ಹೇಳ್ದೋನು ನಾನು. ನಿಮ್ಮನ್ನ ನಂಬಿ ನಿಜ ಹೇಳ್ಬೋದಿತ್ತು. ಅದು ನನ್ ತಪ್ಪು."

"ಕೋಪ ಇಳೀತಾ ಹಾಗಾದ್ರೆ?"

"ಮೇಲೆ ತಿಳಿಯಾಗೈತೆ, ಶ್ರೀವಾಣಿ." ಮೇಡಂ ಅಲ್ಲ, ಶ್ರೀವಾಣಿ. "ತಳದಾಗೆ ಇನ್ನೂ ವಸಿ ಮಡ್ಡಿ ಐತೆ. ಈಗ್ಲೇ ಕುಲುಕ್ಬೇಡಿ."

"ಕುಲುಕಲ್ಲ. ಸುಮ್ನೆ ಕೂತು ಕಾಯ್ತೀನಿ."

"ದಿನಗಟ್ಟಲೆ ಆಗ್ಬೋದು."

"ಆಗ್ಲಿ."

ಅವನು ಎದ್ದು, ನಡುವಿನ ಎರಡು ಮೆಟ್ಟಿಲು ಹತ್ತಿ, ಅವಳ ಪಕ್ಕದಲ್ಲಿ ಕೂತ.

"ಒಬ್ರೇ ಯಾಕೆ ಕಾಯ್ತೀರಿ," ಎಂದ. "ನಾನೂ ಇರ್ತೀನಿ."